ಕಿವಿತಮಟೆಯ ದುರಸ್ತಿ: ಕೈಗುಣವೊಂದೇ ಸಾಲದು

ಶಸ್ತ್ರಚಿಕಿತ್ಸೆ ಫಲಿಸಿದರೆ ‘ಡಾಕ್ಟರ ಕೈಗುಣ ಒಳ್ಳೆಯದು’ ಎನ್ನುವುದೂ, ಫಲಿಸದಿದ್ದರೆ ‘ಅವರ ಕೈಗುಣ ಸರಿಯಿಲ್ಲ’ ಎನ್ನುವುದೂ ಕನ್ನಡಿಗರಲ್ಲಿ ಬಹುಕಾಲದಿಂದ ನಡೆದುಬಂದಿರುವ ವಾಡಿಕೆ. ಈ ಮಾತಿನಲ್ಲಿ ವೈದ್ಯನ ಕೌಶಲಕ್ಕೆ ಸಲ್ಲಬೇಕಾದ ಗೌರವವಿದೆ. ಆದರೆ ಕೆಲವು ಚಿಕಿತ್ಸೆಗಳ ವಿಷಯದಲ್ಲಿ ಈ ನಂಬಿಕೆಯೇ ರೋಗಿಗೆ ಹಾನಿಕರವಾಗಿ ಪರಿಣಮಿಸುವುದುಂಟು. ತೂತುಬಿದ್ದ ಕಿವಿತಮಟೆಯನ್ನು ಮುಚ್ಚುವ ಶಸ್ತ್ರಚಿಕಿತ್ಸೆ ಅಂಥವುಗಳಲ್ಲೊಂದು. ಒಂದೆರಡು ಗಂಟೆಗಳಲ್ಲಿ ಮುಗಿಯುವ ಈ ಕೆಲಸದ ಫಲಾಫಲವು ಅದಕ್ಕೆ ಮುಂಚಿನ ಕೆಲವು ತಿಂಗಳುಗಳನ್ನೂ, ಅನಂತರದ ಸುಮಾರು ಮೂರು ತಿಂಗಳುಗಳನ್ನೂ ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಆ ತಿಂಗಳುಗಳು ಕಳೆಯುವುದು ಆಸ್ಪತ್ರೆಯಲ್ಲಲ್ಲ, ರೋಗಿಯ ಮನೆಯಲ್ಲಿ. ರಜೆಯ ದಿನಗಳನ್ನು ಬೆರಳಲ್ಲಿ ಎಣಿಸಿ ಬದುಕುವ ಮಹಾನಗರದ ಕನ್ನಡಿಗ ಕುಟುಂಬಗಳು ಈ ಸಂಗತಿಯನ್ನು ಚೆನ್ನಾಗಿ ಮನಗಾಣುವುದು ಅವಶ್ಯ.

ತಮಟೆಯ ರಚನೆ ಮತ್ತು ಕಾರ್ಯ

ಹೊರಗಿವಿಯ ನಾಳದ ಕೊನೆಯಲ್ಲಿ ಸುಮಾರು 9 ಮಿಲಿಮೀಟರ್ ಅಡ್ಡಳತೆಯ, ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ದಪ್ಪವಾದ ಪೊರೆಯೊಂದಿದೆ. ಇದೇ ಕಿವಿತಮಟೆ. ಶಬ್ದದ ಅಲೆಗಳು ಬಡಿದಾಗ ಇದು ಕಂಪಿಸುತ್ತದೆ. ಆ ಕಂಪನವನ್ನು ಮಧ್ಯಕಿವಿಯಲ್ಲಿರುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಒಳಗಿವಿಗೆ ಸಾಗಿಸುತ್ತವೆ. ತಮಟೆಯ ಕಂಪಿಸುವ ಭಾಗದ ವಿಸ್ತೀರ್ಣವು ರಿಕಾಪು ಮೂಳೆಯ ಪಾದದ ವಿಸ್ತೀರ್ಣಕ್ಕಿಂತ ಸುಮಾರು 17 ಪಟ್ಟು ಹೆಚ್ಚು. ಆದುದರಿಂದ ಅಗಲವಾದ ಪೊರೆಯ ಮೇಲೆ ಬಿದ್ದ ಒತ್ತಡ ಕಿರಿದಾದ ಪಾದದಲ್ಲಿ ಸಾಂದ್ರವಾಗಿ, ಗಾಳಿಯಲ್ಲಿನ ಕ್ಷೀಣ ಶಬ್ದವೂ ಒಳಗಿವಿಯ ದ್ರವವನ್ನು ಅಲುಗಿಸಬಲ್ಲುದು. ತಮಟೆಯಲ್ಲಿ ತೂತಾದರೆ ಈ ಏರ್ಪಾಡು ದುರ್ಬಲವಾಗುತ್ತದೆ. ಜೊತೆಗೆ ಹೊರಗಿನ ನೀರು, ಕೊಳೆ, ರೋಗಾಣುಗಳಿಗೆ ಮಧ್ಯಕಿವಿಯ ಬಾಗಿಲು ತೆರೆದಂತಾಗಿ, ನೆಗಡಿಯಾದಾಗಲೆಲ್ಲ, ತಲೆಗೆ ಸ್ನಾನ ಮಾಡಿದಾಗಲೆಲ್ಲ ಕಿವಿ ಸೋರತೊಡಗುತ್ತದೆ.

ತೂತಿನ ಕಾರಣಗಳಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡಬೇಕು. ಕಪಾಳಕ್ಕೆ ಬಿದ್ದ ಏಟು, ಪಟಾಕಿಯ ಸ್ಫೋಟ, ಕಿವಿ ಕೆರೆಯಲು ಹಾಕಿದ ಹೇರ್‌ಪಿನ್ನು ಇವುಗಳಿಂದ ಹರಿದ ತಮಟೆ ಬಹುಪಾಲು ಸಂದರ್ಭಗಳಲ್ಲಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ಕಿವಿಯನ್ನು ಒಣಗಿಟ್ಟು, ವೈದ್ಯರು ಹೇಳದ ಯಾವ ಔಷಧಿಯನ್ನೂ ಬಿಡದೆ ಕಾಯುವುದೇ ಚಿಕಿತ್ಸೆ. ಬಾಲ್ಯದಲ್ಲಿ ಮಧ್ಯಕಿವಿಯ ಸೋಂಕು ಪದೇ ಪದೇ ಮರುಕಳಿಸಿ ಉಳಿದುಹೋದ ತೂತು ಹಾಗಲ್ಲ. ಅದರ ಅಂಚು ಹಳೆಯದಾಗಿ ಮೇಲುಚರ್ಮದಿಂದ ಮುಚ್ಚಿಹೋಗಿರುವುದರಿಂದ ತಾನಾಗಿ ಕೂಡುವ ಸಂಭವ ಕಡಿಮೆ. ಶಸ್ತ್ರಚಿಕಿತ್ಸೆಯ ಪ್ರಶ್ನೆ ಮುಖ್ಯವಾಗಿ ಏಳುವುದು ಇಲ್ಲಿಯೇ.

ಕಸಿಯ ಜೀವನ

ತಮಟೆಯ ತೂತನ್ನು ಮುಚ್ಚುವ ಯತ್ನ ಹೊಸತಲ್ಲ. 1640ರಷ್ಟು ಹಿಂದೆಯೇ ಮಾರ್ಕಸ್ ಬ್ಯಾಂಜರ್ ಎಂಬಾತ ಹಂದಿಯ ಮೂತ್ರಕೋಶದ ಪೊರೆಯನ್ನು ಕಟ್ಟಿದ ಸಣ್ಣ ಕೊಳವೆಯೊಂದನ್ನು ಕಿವಿಯೊಳಗಿಡುವ ಉಪಾಯವನ್ನು ವರ್ಣಿಸಿದ್ದನು. 1878ರಲ್ಲಿ ಜರ್ಮನಿಯ ಬೆರ್ಟ್‌ಹೋಲ್ಡ್ ಚರ್ಮದ ಕಸಿಯಿಂದ ತೂತು ಮುಚ್ಚಿದ್ದನ್ನು ಪ್ರಕಟಿಸಿದನು. ಆದರೆ ಈ ವಿದ್ಯೆ ನೆಲೆಗೊಂಡದ್ದು 1950ರ ದಶಕದಲ್ಲಿ. ಜರ್ಮನಿಯ ವುಲ್‌ಸ್ಟೈನ್ ಮತ್ತು ಝೋಲ್ನರ್ ಎಂಬ ಇಬ್ಬರು ಶಸ್ತ್ರವೈದ್ಯರು ಸೂಕ್ಷ್ಮದರ್ಶಕದ ನೆರವಿನಿಂದ ಮಧ್ಯಕಿವಿಯ ಪುನಾರಚನೆಗೆ ಶಾಸ್ತ್ರೀಯ ರೂಪ ಕೊಟ್ಟರು. ಮೊದಲಲ್ಲಿ ಬಳಸುತ್ತಿದ್ದ ಚರ್ಮವು ಒಳಗೆ ಸುಲಿದು ಸೋಂಕಿಗೆ ಎಡೆಗೊಡುತ್ತಿತ್ತು. ಆ ದಶಕದ ಕೊನೆಯ ಹೊತ್ತಿಗೆ, ಕಿವಿಯ ಮೇಲ್ಭಾಗದ ಸ್ನಾಯುವನ್ನು ಹೊದ್ದಿರುವ ತೆಳು ಪೊರೆಯನ್ನು ತೆಗೆದು ಕಸಿ ಮಾಡುವ ಕ್ರಮ ಬಂದಿತು. ಇಂದಿಗೂ ಇದೇ ಹೆಚ್ಚು ಬಳಕೆಯಲ್ಲಿದೆ. ದೊಡ್ಡ ತೂತು, ಮರುಶಸ್ತ್ರಚಿಕಿತ್ಸೆ ಮುಂತಾದ ಕಠಿಣ ಸಂದರ್ಭಗಳಲ್ಲಿ ಕಿವಿಯದೇ ಮೃದ್ವಸ್ಥಿಯನ್ನು ಬಳಸುವುದೂ ಉಂಟು.

ಹೀಗೆ ಇಟ್ಟ ಕಸಿಪೊರೆಗೆ ಮೊದಲ ದಿನಗಳಲ್ಲಿ ತನ್ನದೇ ಆದ ರಕ್ತಸಂಚಾರವಿರುವುದಿಲ್ಲ. ಅದು ಸುತ್ತಲಿನ ಅಂಗಾಂಶದಿಂದ ಒಸರುವ ಪೋಷಣೆಯಿಂದಲೇ ಜೀವ ಹಿಡಿದಿರಬೇಕು. ಕ್ರಮೇಣ ತಮಟೆಯ ಅಂಚಿನಿಂದ ಸೂಕ್ಷ್ಮ ರಕ್ತನಾಳಗಳು ಬೆಳೆದು ಬಂದು ಅದನ್ನು ತಮ್ಮದಾಗಿಸಿಕೊಳ್ಳುತ್ತವೆ. ನೆಟ್ಟ ಸಸಿ ಬೇರು ಬಿಡುವವರೆಗೆ ಅಲುಗಾಡಬಾರದು, ಕೊಳೆಯಬಾರದು, ಒಣಗಬಾರದು ಎಂಬುದು ಪ್ರತಿಯೊಬ್ಬ ರೈತನಿಗೂ ತಿಳಿದ ಮಾತು. ಕಿವಿಯ ಕಸಿಗೂ ಅದೇ ನಿಯಮ. ಯಶಸ್ಸಿಗೆ ಅನುಕೂಲ ಅಥವಾ ಪ್ರತಿಕೂಲವೆಂದು ವೈದ್ಯರು ಪಟ್ಟಿಮಾಡುವ ಬಹುತೇಕ ಅಂಶಗಳು ಈ ಒಂದು ಸಂಗತಿಯಿಂದಲೇ ಅರ್ಥವಾಗುತ್ತವೆ.

ಯಶಸ್ಸೆಂದರೆ ಏನು?

ಶಸ್ತ್ರಚಿಕಿತ್ಸೆಯ ಮುನ್ನವೇ ಇತ್ಯರ್ಥವಾಗಬೇಕಾದ ಪ್ರಶ್ನೆಯಿದು. ತೂತು ಮುಚ್ಚಿಕೊಂಡಿತೆಂದರೆ ವೈದ್ಯರ ಲೆಕ್ಕದಲ್ಲಿ ಕಸಿ ಯಶಸ್ವಿ. ಒಳ್ಳೆಯ ಕೇಂದ್ರಗಳಲ್ಲಿ, ಸರಳ ಸ್ವರೂಪದ ತೂತುಗಳಲ್ಲಿ, ನೂರಕ್ಕೆ 80ರಿಂದ 95ರವರೆಗೆ ಕಸಿ ಹಿಡಿಯುವುದಾಗಿ ವರದಿಗಳಿವೆ. ರೋಗಿಯ ಮನಸ್ಸಿನಲ್ಲಿರುವ ಲೆಕ್ಕವಾದರೋ ಬೇರೆ. ಆತನಿಗೆ ಬೇಕಾದುದು ಕೇಳುವ ಶಕ್ತಿ. ಸಾಮಾನ್ಯವಾಗಿ ತೂತು ಮುಚ್ಚಿದಾಗ ಕೇಳುವಿಕೆಯೂ ಸುಧಾರಿಸುತ್ತದೆ. ಆದರೆ ವರ್ಷಗಟ್ಟಲೆ ಸೋರಿದ ಕಿವಿಯಲ್ಲಿ ಅಡಿಗಲ್ಲು ಮೂಳೆಯ ತುದಿ ಸವೆದು ಸರಪಣಿ ಕಡಿದಿರಬಹುದು. ಮೂಳೆಗಳ ಸುತ್ತ ಸುಣ್ಣದಂಥ ಪದಾರ್ಥ ಗಟ್ಟಿಯಾಗಿ ಅವು ಅಲುಗದೆ ನಿಂತಿರಬಹುದು. ಒಳಗಿವಿಯ ನರವೇ ದುರ್ಬಲವಾಗಿರಬಹುದು. ಮೊದಲ ಎರಡಕ್ಕೆ ಹೆಚ್ಚಿನ ದುರಸ್ತಿ ಬೇಕಾಗುತ್ತದೆ. ಮೂರನೆಯದನ್ನು ತಮಟೆಯ ಕಸಿ ಸರಿಪಡಿಸಲಾರದು.

ಆದಕಾರಣ ಶಸ್ತ್ರಚಿಕಿತ್ಸೆಗೆ ಮೊದಲು ಆಡಿಯೋಗ್ರಾಮ್ ಎಂಬ ಶ್ರವಣಪರೀಕ್ಷೆಯ ನಕ್ಷೆ ಇಲ್ಲದೆ ಮುಂದುವರಿಯಬಾರದು. ‘ತೂತು ಮುಚ್ಚುವ ಸಂಭವ ಎಷ್ಟು? ಕೇಳುವ ಶಕ್ತಿ ಎಷ್ಟು ಮರಳಬಹುದು?’ ಎಂದು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವುದು ರೋಗಿಯ ಹಕ್ಕು. ಈ ಎರಡನ್ನು ಒಂದೇ ಎಂದು ತಿಳಿದವರು, ಕಿವಿ ಸೋರುವುದು ನಿಂತ ದೊಡ್ಡ ಲಾಭವನ್ನು ಕಾಣದೆ, ಮೋಸಹೋದೆವೆಂದು ಮರುಗುತ್ತಾರೆ.

ಕೊಲೆಸ್ಟಿಯಟೋಮ ಎಂಬ ಮೂಳೆ ತಿನ್ನುವ ಚರ್ಮದ ಗಂಟು ಬೆಳೆದಿದ್ದರೆ ಲೆಕ್ಕವೇ ಬದಲಾಗುತ್ತದೆ. ಅಲ್ಲಿ ರೋಗವನ್ನು ಬುಡಸಮೇತ ತೆಗೆಯುವುದು ಮೊದಲ ಗುರಿ, ಕೇಳುವಿಕೆ ಅನಂತರದ್ದು. ಸ್ವಲ್ಪವೇ ಆದರೂ ದುರ್ಗಂಧದ ಕೀವು ಬಿಡದೆ ಸೋರುತ್ತಿದ್ದರೆ ಬೇಗನೆ ತಜ್ಞರಿಗೆ ತೋರಿಸಬೇಕು. ಅದರ ಜೊತೆಗೆ ತಲೆತಿರುಗು, ಮುಖದ ಒಂದು ಪಾರ್ಶ್ವ ಸೋಲುವುದು, ಜ್ವರ, ವಿಪರೀತ ತಲೆನೋವು ಕಂಡರೆ ಒಂದು ದಿನವೂ ತಡಮಾಡಲಾಗದು.

ಮುಂಚಿನ ತಿಂಗಳುಗಳು

ತೂತಿನ ಗಾತ್ರ ಮತ್ತು ಸ್ಥಾನ ಯಾರ ಕೈಯಲ್ಲೂ ಇಲ್ಲ. ತಮಟೆಯ ಹೆಚ್ಚು ಭಾಗವನ್ನು ಆವರಿಸಿದ ತೂತು ಮುಚ್ಚುವುದು ಕಠಿಣ. ಮುಂಭಾಗದ ತೂತು, ಕೆಲಸಕ್ಕೆ ಎಡೆ ಕಿರಿದು, ಕಸಿಗೆ ಆಸರೆ ಕಡಿಮೆ ಎಂಬ ಕಾರಣಗಳಿಂದ ಹಿಂಭಾಗದ ತೂತಿಗಿಂತ ತ್ರಾಸದಾಯಕ. ಒಮ್ಮೆ ವಿಫಲವಾದ ಕಿವಿಯಲ್ಲಿ ಎರಡನೆಯ ಸಲದ ಕೆಲಸವೂ ಹೆಚ್ಚು ಕಷ್ಟದ್ದು. ಆದರೆ ಉಳಿದ ಹಲವು ಅಂಶಗಳನ್ನು ತಿದ್ದಬಹುದು.

ಮೊದಲನೆಯದು, ಸೋರುವಿಕೆಯನ್ನು ಹತೋಟಿಗೆ ತರುವುದು. ಕೆಲವು ವಾರಗಳಾದರೂ ಕಿವಿ ಒಣಗಿರಲಿ ಎಂದು ಅನೇಕ ಶಸ್ತ್ರವೈದ್ಯರು ಬಯಸುತ್ತಾರೆ. ತುಸು ಒದ್ದೆಯಾಗಿದ್ದ ಕಿವಿಯಲ್ಲೂ ಕಸಿ ಹಿಡಿದ ನಿದರ್ಶನಗಳು ಸಾಕಷ್ಟಿರುವುದರಿಂದ ಈ ನಿಯಮ ಎಷ್ಟು ಕಟ್ಟುನಿಟ್ಟಾಗಿರಬೇಕೆಂಬುದರಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಕೀವು ತುಂಬಿದ, ಒಳಪೊರೆ ಊದಿದ ಮಧ್ಯಕಿವಿ ಕಸಿಗೆ ಒಳ್ಳೆಯ ನೆಲವಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕನ್ನಡಿಗರ ಮನೆಗಳಲ್ಲಿ ಇಲ್ಲಿ ಅಡ್ಡಬರುವುದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಅಜ್ಜಿಯ ಪ್ರೀತಿಯ ಕೈಯಿಂದ ಬಿದ್ದರೂ ತೂತಾದ ತಮಟೆಯ ಮೂಲಕ ಒಳಸೇರುವ ಎಣ್ಣೆ ಹಾನಿಕರವೇ. ದೀಪಾವಳಿಯ ಅಭ್ಯಂಜನವನ್ನು ಬಿಡಬೇಕಾಗಿಲ್ಲ. ಕಿವಿಯ ಬಾಯಿಗೆ ವ್ಯಾಸಲೀನ್ ಸವರಿದ ಹತ್ತಿಯುಂಡೆಯನ್ನಿಟ್ಟು, ಎಣ್ಣೆನೀರು ಒಳಗಿಳಿಯದಂತೆ ನೋಡಿಕೊಂಡರಾಯಿತು.

ಎರಡನೆಯದು ಮೂಗು. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಗಾಳಿ ಒಯ್ಯುವ ಯೂಸ್ಟೇಷಿಯನ್ ನಾಳವು ಚೆನ್ನಾಗಿ ಕೆಲಸ ಮಾಡದಿದ್ದರೆ ಮಧ್ಯಕಿವಿಯಲ್ಲಿ ಗಾಳಿಯ ಒತ್ತಡ ಕುಸಿದು, ಹೊಸ ಪೊರೆ ಒಳಗೆ ಸೆಳೆಯಲ್ಪಡುತ್ತದೆ. ಸದಾ ಸುರಿಯುವ ಮೂಗು, ಅಲರ್ಜಿ, ಸೈನಸ್ ಸೋಂಕು, ಮಕ್ಕಳಲ್ಲಿ ಬೆಳೆದ ಅಡಿನಾಯ್ಡ್ ಗ್ರಂಥಿ ಇವೆಲ್ಲ ಕಿವಿಯ ಶತ್ರುಗಳೇ. ‘ತೊಂದರೆ ಕಿವಿಯಲ್ಲಿ, ಡಾಕ್ಟರು ಮೂಗನ್ನು ನೋಡುತ್ತಿದ್ದಾರೆ’ ಎಂದು ಬೇಸರಪಡುವವರು ಇದನ್ನು ನೆನೆಯಬೇಕು. ಇನ್ನೊಂದು ಕಿವಿಯೂ ರೋಗಗ್ರಸ್ತವಾಗಿದ್ದರೆ ಈ ನಾಳದ ದೋಷವನ್ನು ಶಂಕಿಸಬೇಕಾಗುತ್ತದೆ. ತೀರ ಎಳೆಯ ಮಕ್ಕಳಲ್ಲಿ ನೆಗಡಿ ಪದೇ ಪದೇ ಬರುವುದರಿಂದ, ಶಸ್ತ್ರಚಿಕಿತ್ಸೆಯನ್ನು ಕೆಲವು ವರ್ಷ ಮುಂದೂಡುವ ವೈದ್ಯರೂ ಇದ್ದಾರೆ. ಮಗುವಿನ ಕೇಳುವಿಕೆ, ಕಲಿಕೆ ಕುಂಠಿತವಾಗಿದ್ದರೆ ಬೇಗನೆ ಮಾಡುವವರೂ ಇದ್ದಾರೆ. ವಯಸ್ಸೊಂದನ್ನೇ ನೋಡಿ ತೀರ್ಮಾನಿಸುವ ವಿಷಯವಲ್ಲ ಇದು.

ಮೂರನೆಯದು ಬೀಡಿ, ಸಿಗರೇಟು. ಹೊಗೆಯು ಸೂಕ್ಷ್ಮ ರಕ್ತನಾಳಗಳನ್ನು ಸಂಕುಚಿಸಿ, ಮೂಗು ಮತ್ತು ನಾಳದ ಒಳಪೊರೆಯನ್ನು ಕೆಡಿಸುತ್ತದೆ. ರಕ್ತನಾಳಗಳಿಗಾಗಿ ಕಾದಿರುವ ಕಸಿಗೆ ಇದಕ್ಕಿಂತ ದೊಡ್ಡ ಅಡಚಣೆ ಬೇಕಿಲ್ಲ. ಧೂಮಪಾನಿಗಳಲ್ಲಿ ಕಸಿ ಸೋಲುವುದು ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ಮನೆಯಲ್ಲಿ ತಂದೆ ಸೇದಿದರೆ ಮಗುವಿನ ಕಿವಿಗೂ ಕೇಡೆಂಬುದನ್ನು ಮರೆಯಬಾರದು. ಸಕ್ಕರೆ ಕಾಯಿಲೆಯವರು ಅದನ್ನು ಹತೋಟಿಯಲ್ಲಿಟ್ಟುಕೊಂಡೇ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುವುದು ಲೇಸು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಶಸ್ತ್ರವೈದ್ಯನ ಅನುಭವ ಗೌಣವೆಂದಲ್ಲ. ಇಂಥ ಕೆಲಸವನ್ನು ನಿಯತವಾಗಿ ಮಾಡುವವರನ್ನೇ ಆರಿಸಿಕೊಳ್ಳಬೇಕು. ಆದರೆ ಮಹಾನಗರಗಳಲ್ಲಿ ‘ಯಾವ ಯಂತ್ರದಿಂದ ಮಾಡುತ್ತಾರೆ?’ ಎಂಬ ಪ್ರಶ್ನೆಗೆ ಸಲ್ಲದ ಮಹತ್ವ ದೊರೆತಿದೆ. ಈಚೆಗೆ ಬಂದಿರುವ ಎಂಡೋಸ್ಕೋಪ್ ಉಪಕರಣದಿಂದ ಕಿವಿಯ ಹಿಂದಿನ ಗಾಯವಿಲ್ಲದೆ ಕೆಲಸ ಮಾಡಬಹುದು. ಅದು ಅನುಕೂಲವೇ ಸರಿ. ಆದರೂ ತೂತು ಮುಚ್ಚುವ ಫಲದಲ್ಲಿ ಸೂಕ್ಷ್ಮದರ್ಶಕದ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಉಪಕರಣಕ್ಕಾಗಿ ಸಾಲ ಮಾಡುವುದಕ್ಕಿಂತ, ಶಸ್ತ್ರಚಿಕಿತ್ಸೆಯ ತರುವಾಯ ಇನ್ನೊಂದು ವಾರ ವಿರಮಿಸಲು ಆ ಹಣವನ್ನು ವಿನಿಯೋಗಿಸುವುದು ಲೇಸು.

ಅನಂತರದ ತಿಂಗಳುಗಳು

ಬಟ್ಟೆ ಬಿಚ್ಚಿ ಹೊಲಿಗೆ ತೆಗೆದೊಡನೆ ಕೆಲಸ ಮುಗಿಯಿತೆಂದು ಬಗೆಯುವುದು ದೊಡ್ಡ ತಪ್ಪು. ಕಿವಿಯೊಳಗೆ ಕಸಿಗೆ ಆಸರೆಯಾಗಿ ತುಂಬಿಸಿದ ಪದಾರ್ಥ ಇನ್ನೂ ಇರುವುದರಿಂದ ಕೆಲವು ವಾರ ಮಂದವಾಗಿ ಕೇಳುವುದು ಸಹಜ. ನಾಲಗೆಯ ಒಂದು ಕಡೆ ರುಚಿ ಕೆಡಬಹುದು. ರುಚಿಯ ನರವೊಂದು ತಮಟೆಯ ಹಿಂದೆಯೇ ಹಾದುಹೋಗುವುದರಿಂದ ಹೀಗಾಗುತ್ತದೆ. ಹಲವರಲ್ಲಿ ಇದು ಕ್ರಮೇಣ ಸರಿಹೋಗುತ್ತದೆ. ಈ ಅವಧಿಯಲ್ಲಿ ಕಿವಿಗೆ ನೀರು ತಾಗಕೂಡದು. ಮೂಗನ್ನು ಜೋರಾಗಿ ಸೀನಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಇಲ್ಲವಾದರೆ ಗಾಳಿ ನಾಳದ ಮೂಲಕ ನುಗ್ಗಿ ಕಸಿಯನ್ನು ಎತ್ತಿಬಿಡಬಹುದು. ಭಾರ ಎತ್ತಬಾರದು. ವೈದ್ಯರು ಅನುಮತಿ ಕೊಡುವವರೆಗೆ ವಿಮಾನಪ್ರಯಾಣ, ಈಜು ಸಲ್ಲದು. ನೆಗಡಿಯಾದರೆ, ಕೀವು ಕಂಡರೆ, ಮುಂದಿನ ತಾರೀಖಿಗಾಗಿ ಕಾಯದೆ ತೋರಿಸಬೇಕು. ಸುಮಾರು ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಶ್ರವಣಪರೀಕ್ಷೆ ಮಾಡಿಸಿ ಹಳೆಯ ನಕ್ಷೆಯೊಡನೆ ಹೋಲಿಸಿದಾಗಲೇ ಫಲವೇನೆಂಬುದು ವಿದಿತವಾಗುವುದು.

ಹೊರನಾಡಿನ ತೊಡಕುಗಳು

ಹೊರನಾಡ ಕನ್ನಡಿಗರ ಬದುಕು ಈ ತಿಂಗಳುಗಳಿಗೆ ಅನುಕೂಲವಾಗಿಲ್ಲ. ಹೋಟೆಲಿನಲ್ಲಿ ದುಡಿಯುವ ತರುಣನಿಗೆ ವರ್ಷಕ್ಕೊಮ್ಮೆ ರಜೆ. ಗಲ್ಫ್ ದೇಶದಿಂದ ಬಂದವನ ಮರುಪ್ರಯಾಣದ ಟಿಕೆಟು ಮೊದಲೇ ಆಗಿರುತ್ತದೆ. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗಿ, ಮದುವೆ ಮುಂಜಿಗಳ ನಡುವೆ ಕಿವಿಯ ಆಪರೇಷನ್ನೂ ಮುಗಿಸಿ, ಹತ್ತನೆಯ ದಿನ ಸಾಮಾನು ಹೊತ್ತು ರೈಲೇರುವವರು ಎಷ್ಟೋ ಮಂದಿ. ಊರಿನಲ್ಲಿ ಮಾಡಿಸುವುದು ತಪ್ಪಲ್ಲ. ಅಲ್ಲಿ ಬಂಧುಬಳಗದ ಆಸರೆಯಿದೆ, ಭಾಷೆಯ ಸುಖವಿದೆ. ಆದರೆ ಮುಂದಿನ ಮೂರು ತಿಂಗಳು ಕಿವಿಯನ್ನು ಯಾರು ನೋಡುವರೆಂಬುದು ನಿಶ್ಚಯವಾಗದೆ ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡುವುದು ಸಮಂಜಸವಲ್ಲ. ಏನು ಮಾಡಲಾಯಿತು, ಯಾವ ಕಸಿ ಬಳಸಲಾಯಿತು, ಮೂಳೆಗಳ ಸ್ಥಿತಿ ಹೇಗಿತ್ತು ಎಂಬ ವಿವರವುಳ್ಳ ಪತ್ರವನ್ನು ಪಡೆದುಕೊಂಡು, ನಗರದ ಒಬ್ಬ ಕಿವಿತಜ್ಞರನ್ನು ಮುಂಚಿತವಾಗಿಯೇ ಒಪ್ಪಿಸಿಕೊಂಡಿರಬೇಕು. ಅದು ಸಾಧ್ಯವಾಗದಿದ್ದರೆ ತಾವು ನೆಲೆಸಿರುವ ನಗರದಲ್ಲೇ ಮಾಡಿಸಿಕೊಳ್ಳುವುದು ಉಚಿತ.

ಇನ್ನೊಂದು ತೊಡಕು ಹೆಣ್ಣುಮಕ್ಕಳದು. ಮಗಳ ಕಿವಿ ಸೋರುವುದು ಹೊರಗೆ ತಿಳಿದರೆ ಸಂಬಂಧ ಕೂಡಿಬರದೆಂಬ ಅಳುಕಿನಿಂದ ಹತ್ತು ವರ್ಷ ಮುಚ್ಚಿಟ್ಟು, ಲಗ್ನ ನಿಶ್ಚಯವಾದ ಮೇಲೆ ಅವಸರದಲ್ಲಿ ಆಪರೇಷನ್ ಮಾಡಿಸುವ ಪದ್ಧತಿ ಇನ್ನೂ ಅಳಿದಿಲ್ಲ. ಮಂಗಳಸ್ನಾನ, ಹೊಗೆ, ನಿದ್ದೆಗೇಡು, ಪ್ರಯಾಣ ಎಲ್ಲವೂ ಕಸಿ ಬೇರುಬಿಡಬೇಕಾದ ವಾರಗಳಲ್ಲೇ ಬಂದೊದಗುತ್ತವೆ. ಅಷ್ಟರಲ್ಲಿ ಮೂಳೆ ಸವೆದಿದ್ದರೆ ಆ ಹತ್ತು ವರ್ಷದ ನಷ್ಟವನ್ನು ಯಾರ ಕೈಗುಣವೂ ಪೂರ್ತಿ ತುಂಬಲಾರದು.

ಮಕ್ಕಳ ವಿಷಯದಲ್ಲಿ ಹೊರನಾಡಿಗೇ ವಿಶಿಷ್ಟವಾದ ಒಂದು ಅಪಾಯವಿದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ತಮಿಳು ಅಥವಾ ತೆಲುಗು, ಶಾಲೆಯಲ್ಲಿ ಇಂಗ್ಲಿಷ್. ಇಂಥ ಮಗು ತರಗತಿಯಲ್ಲಿ ಉತ್ತರ ಕೊಡದಿದ್ದರೆ ‘ಭಾಷೆ ಬರುವುದಿಲ್ಲ, ನಿಧಾನವಾಗಿ ಕಲಿಯುತ್ತಾನೆ’ ಎಂದು ಶಿಕ್ಷಕರೂ ತಂದೆತಾಯಿಯರೂ ಸಮಾಧಾನ ಪಟ್ಟುಕೊಳ್ಳುತ್ತಾರೆ. ಮಗುವಿಗೆ ಪಾಠ ಕೇಳಿಸುತ್ತಲೇ ಇಲ್ಲವೆಂಬ ಶಂಕೆ ಯಾರಿಗೂ ಬರುವುದಿಲ್ಲ. ಕಿವಿ ಸೋರುವ, ರೇಡಿಯೋ ಟಿ.ವಿ.ಗಳನ್ನು ಜೋರಾಗಿ ಹಾಕುವ, ಕರೆದಾಗ ತಿರುಗಿ ನೋಡದ ಮಗುವಿನ ಶ್ರವಣಪರೀಕ್ಷೆಯನ್ನು ತಡಮಾಡದೆ ಮಾಡಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಮೊದಲಾದ ಸರ್ಕಾರಿ ಕೇಂದ್ರಗಳು ಇದಕ್ಕಾಗಿಯೇ ಇವೆ. ಶಸ್ತ್ರಚಿಕಿತ್ಸೆ ತಕ್ಕುದಲ್ಲವೆಂದು ಕಂಡುಬಂದರೆ ಶ್ರವಣಯಂತ್ರದ ಮಾರ್ಗವೂ ಉಂಟು.

ಜವಾಬ್ದಾರಿ ಯಾರದು?

ಈ ಮಾತುಗಳನ್ನು ಓದಿದವರು, ಕಸಿ ಸೋತರೆ ರೋಗಿಯೇ ತಪ್ಪಿತಸ್ಥನೆಂದು ತಿಳಿಯಕೂಡದು. ಎಲ್ಲ ಎಚ್ಚರಿಕೆ ವಹಿಸಿದರೂ ಕೆಲವು ಕಸಿಗಳು ಹಿಡಿಯುವುದಿಲ್ಲ. ಅಂಥವರಿಗೆ ಎರಡನೆಯ ಅವಕಾಶವಿದೆ. ಒಮ್ಮೆ ಸೋತಿತೆಂದು ಕೈಚೆಲ್ಲಿ, ಸೋರುವ ಕಿವಿಗೆ ಹತ್ತಿಯಿಟ್ಟು ಬಾಳುವುದು ಸರಿಯಲ್ಲ. ಅಷ್ಟೇ ಅಲ್ಲ, ಸೂಚನೆಗಳನ್ನು ರೋಗಿಗೆ ತಿಳಿಯದ ಭಾಷೆಯಲ್ಲಿ ಮುದ್ರಿಸಿ, ಎರಡು ನಿಮಿಷದಲ್ಲಿ ಕೈಗಿತ್ತು ಕಳುಹಿಸುವ ಆಸ್ಪತ್ರೆಗೆ ರೋಗಿಯ ‘ನಿರ್ಲಕ್ಷ್ಯ’ವನ್ನು ದೂರುವ ಅಧಿಕಾರವಿಲ್ಲ. ಕನ್ನಡವೊಂದನ್ನೇ ಬಲ್ಲ ತಾಯಿ, ಮಗನ ಮನೆಗೆಂದು ಪುಣೆಗೋ ದೆಹಲಿಗೋ ಬಂದು ಶಸ್ತ್ರಚಿಕಿತ್ಸೆಗೆ ಒಳಗಾದಾಗ, ಸಮ್ಮತಿಪತ್ರದ ಮೇಲೆ ಆಕೆ ಹಾಕುವ ರುಜುವಿಗೆ ಅರ್ಥ ಬರಬೇಕಾದರೆ ಅದರಲ್ಲೇನಿದೆಯೆಂದು ಆಕೆಯ ಮಾತಿನಲ್ಲೇ ವಿವರಿಸುವವರಿರಬೇಕು. ಅವಸರದ ಮಗ ‘ಏನಿಲ್ಲಮ್ಮ, ಸಣ್ಣ ಆಪರೇಷನ್’ ಎಂದು ತೇಲಿಸಿಬಿಟ್ಟರೆ ಆ ಕೊರತೆ ತುಂಬಿದಂತಾಗುವುದಿಲ್ಲ.

ಇಲ್ಲಿ ಕನ್ನಡ ಸಂಘಗಳಿಗೆ ಕೈಗೂಡುವಂಥ ಕೆಲಸವೊಂದಿದೆ. ವರ್ಷಕ್ಕೊಮ್ಮೆ ನೇತ್ರತಪಾಸಣೆ, ರಕ್ತದಾನ ಶಿಬಿರಗಳನ್ನು ನಡೆಸುವ ಸಂಘಗಳು ಅದೇ ಶಿಬಿರದಲ್ಲಿ ಮಕ್ಕಳ ಶ್ರವಣಪರೀಕ್ಷೆಯನ್ನೂ ಸೇರಿಸಬಹುದು. ಕಿವಿಯ ಶಸ್ತ್ರಚಿಕಿತ್ಸೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನೂ, ಅನಂತರ ಪಾಲಿಸಬೇಕಾದ ನಿಯಮಗಳನ್ನೂ ಸದಸ್ಯರಲ್ಲೇ ಇರುವ ವೈದ್ಯರಿಂದ ಬರೆಯಿಸಿ, ಒಂದು ಹಾಳೆಯಲ್ಲಿ ಕನ್ನಡದಲ್ಲಿ ಮುದ್ರಿಸಿ ಹಂಚಬಹುದು. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ದುಭಾಷಿಗಳಾಗಿ ನೆರವಾಗಬಲ್ಲ ನಾಲ್ಕಾರು ಸದಸ್ಯರ ಹೆಸರುಗಳನ್ನು ಕಚೇರಿಯಲ್ಲಿಟ್ಟುಕೊಳ್ಳಬಹುದು. ಇದಾವುದಕ್ಕೂ ಹೆಚ್ಚು ಹಣ ಬೇಕಿಲ್ಲ. ಮುಂದಿನ ವಾರ್ಷಿಕೋತ್ಸವದೊಳಗೆ ಒಂದೊಂದು ಸಂಘವೂ ಇಷ್ಟನ್ನು ಕೈಗೊಂಡರೆ, ನಾಟಕ ಸಂಗೀತಗಳಿಗೆಂದು ಸೇರುವ ಸಭೆಯಲ್ಲಿ ಅವುಗಳನ್ನು ಚೆನ್ನಾಗಿ ಕೇಳಬಲ್ಲವರ ಸಂಖ್ಯೆಯೂ ಹೆಚ್ಚೀತು.